14 ಸುತ್ತುಗಳ ಋಣ

ಕಳೆದ ಭಾನುವಾರ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಾನು ಫಾರ್ಮುಲಾ ಮಾರುತಿ ಅನ್ನುವ ರೇಸ್ ಕಾರು ಓಡಿಸಿದೆ. ಒಟ್ಟು 14 ಸುತ್ತು. ಒಂದು ಸುತ್ತು 2.1 ಕಿ.ಮೀ. ಲೆಕ್ಕ ಹಾಕಿದರೆ 30 ಕಿ.ಮೀ. ಕೂಡ ಆಗುವುದಿಲ್ಲ. ಬೆಂಗಳೂರಿನಿಂದ ಬಿಡದಿಗೆ ತಟ್ಟೆ ಇಡ್ಲಿ ತಿನ್ನೋಕೆ ಹೋಗುವಷ್ಟು ದೂರ. ಅಷ್ಟು ದೂರ ಹೋಗಲು ನನಗೆ 33 ವರ್ಷ ಹಿಡಿಯಿತು. ಈ ನಡುವೆ ಯಾರ್ಯಾರ ಪ್ರಾಣ ತಿಂದಿದ್ದೇನೆ ಅಂತ ಎಣಿಸುತ್ತಾ ಕೂತರೆ ಪಟ್ಟಿ ಮುಗಿಯುತ್ತಲೇ ಇಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡೋಣ ಅಂದುಕೊಂಡೆ. ಎರಡನೇ ಫೋನಿಗೇ ಗಂಟಲು ಕಟ್ಟಿತು. ಅದಕ್ಕೇ ಈ ಬರಹ.

ಮೊದಲು ನಮ್ಮ ಸೋದರಮಾವ. 1992ರಲ್ಲಿ ನನಗೆ 14 ವರ್ಷ. ಮದ್ರಾಸಿನ ಹತ್ತಿರ ಕಾರ್ ರೇಸ್ ಇದೆ, ಹುಡುಗನನ್ನು ಕರೆದುಕೊಂಡು ಹೋಗ್ತೀನಿ ಅಂತ ಮಾವ ಹೇಳಿದಾಗ ಅಜ್ಜಿ ಊರು ಯಾವುದು ಅಂತ ಕೇಳಿದರು. ಶ್ರೀಪೆರಂಬದೂರು. ಹಿಂದಿನ ವರ್ಷವಷ್ಟೇ ರಾಜೀವ್ ಗಾಂಧಿಯವರ ಹತ್ಯೆ ನಡೆದ ಊರು ಅದು. ಅಜ್ಜಿ ಎದೆ ಹಿಡಿದುಕೊಂಡರು. ಮಾವ ಒಂದು ನಿಮಿಷ ಕೂಡ ತಡಮಾಡದೆ, "ಅಮ್ಮ, ಅದು ರಾಮಾನುಜಾಚಾರ್ಯರು ಹುಟ್ಟಿದ ಊರು ಕಣಮ್ಮ, ದೇವಸ್ಥಾನಕ್ಕೆ ಹೋಗಿ ಬರ್ತೀವಿ" ಅಂದರು. ವರ್ಷಕ್ಕೊಮ್ಮೆ ಮೇಲುಕೋಟೆಗೆ ಹೋಗಿ ಬರುತ್ತಿದ್ದ ಅಜ್ಜಿ ಅದಕ್ಕೆ ಕರಗಿಬಿಟ್ಟರು. ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಹೆದ್ದಾರಿಯಲ್ಲಿ ಇಳಿದು, ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ನಡೆದೆವು. ಸಂಜೆ ವಾಪಸಾಗುವಾಗ ದೇವಸ್ಥಾನಕ್ಕೂ ಓಡಿ ಹೋಗಿ ಪ್ರಸಾದ ತಂದೆವು. ಸುಳ್ಳು ಹೇಳಿದ ಹಾಗಾಗಬಾರದಲ್ಲ. ಮಾವ, ನಿಮ್ಮ ಆ ಸುಳ್ಳಿಗೆ, ಇಬ್ಬರ ಬಸ್ ಚಾರ್ಜಿಗೆ, ತಲೆಗೆ ಕಟ್ಟಿಕೊಳ್ಳಲು ಕೊಟ್ಟ ಟವೆಲ್ಲಿಗೆ ದೊಡ್ಡ ನಮಸ್ಕಾರ.

ಅಲ್ಲಿ ನಾನು ನೋಡಿದ್ದೇ ಫಾರ್ಮುಲಾ ಮಾರುತಿ. ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಒಬ್ಬರೇ ಕೂರುವ, ನಾಲ್ಕೂ ಚಕ್ರ ಹೊರಗೇ ಕಾಣುವ ರೇಸ್ ಕಾರು ಇದು. ಅಂಥ ಕಾರು ನಮ್ಮಲ್ಲಿ ಅಲ್ಲಿಯವರೆಗೆ ದುಡ್ಡಿದ್ದವರ ಸೊತ್ತು. ಕೊಯಮತ್ತೂರಿನ ಎಸ್. ಕರಿವರ್ಧನ್ ಒಂದು ಉಪಾಯ ಮಾಡಿದರು. ಪೈಪುಗಳನ್ನು ಬೆಸೆದು ಚಾಸಿ, ಅಂದರೆ ಕಾರಿನ ಅಸ್ಥಿಪಂಜರ, ಮಾಡಿದರು. ಮೇಲೆ ಫೈಬರ್‌ಗ್ಲಾಸ್ ಬಾಡಿ. ಡ್ರೈವರ್ ಬೆನ್ನ ಹಿಂದೆ ಮಾರುತಿ 800ರ 796 ಸಿಸಿ, ಮೂರು ಸಿಲಿಂಡರ್ ಎಂಜಿನ್ ಇಟ್ಟರು. 1988ರಲ್ಲಿ ಅದು ರೇಸಿಗೆ ಇಳಿಯಿತು. ಊರಿನ ಡಾಕ್ಟರು, ಬ್ಯಾಂಕ್ ಮ್ಯಾನೇಜರು ಓಡಿಸುತ್ತಿದ್ದ ಕಾರಿನ ಎಂಜಿನ್ ಅದು! ಏನು ಕೆಟ್ಟರೂ ಆಗ ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೇ ಸಾಮಾನು ಸಿಗುತ್ತಿತ್ತು. ಫೈಬರ್‌ಗ್ಲಾಸ್ ಬಾಡಿ ನಮಗೆ ಹೊಸದೇನಲ್ಲ ಬಿಡಿ, ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್ ಕಾರಿನ ಬಾಡಿ ಅದರದ್ದೇ ಆಗಿತ್ತು. ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ. ಅವರೂ ಶುರುವಿನಲ್ಲಿ ಫಾರ್ಮುಲಾ ಮಾರುತಿಯಲ್ಲೇ ಪಳಗಿದವರು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ನಾನು ಓಡಿಸಿದ ಟ್ರ್ಯಾಕಿಗೆ ಅವರದೇ ಹೆಸರು. ಅವರ ಕಾರು, ಅವರ ಹೆಸರಿನ ಟ್ರ್ಯಾಕು. ಅವರಿಗೆ ಥ್ಯಾಂಕ್ಸ್ ಹೇಳುವ ದಾರಿ ಬೇರೆ ಯಾವುದೂ ನನಗೆ ತೋಚಲಿಲ್ಲ.

ಕೆಲವರು ಫೆರಾರಿ ಕನಸು ಕಾಣುತ್ತಾರೆ. ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಸೂಪರ್‌ವೈಸರ್. ನನ್ನ ಕನಸೂ ನನ್ನ ಅಳತೆಯದೇ.

2018ರಲ್ಲಿ ಪೊಳ್ಳಾಚಿ ಕಡೆ ತೆಂಗಿನ ತೋಟವೊಂದರ ಶೆಡ್ಡಿನಲ್ಲಿ ಹಳೇ ಫಾರ್ಮುಲಾ ಮಾರುತಿ ಚಾಸಿ ಬಿದ್ದಿದೆ ಅಂತ ಸುದ್ದಿ ಬಂತು. ಹೋಗಿ ನೋಡಿದರೆ ಎಂಜಿನ್ ಇಲ್ಲ, ಗೇರ್‌ಬಾಕ್ಸ್ ಇದೆ, ಡ್ರೈವರ್ ಕೂರುವ ಜಾಗದಲ್ಲಿ ಒಂದು ಕೋಳಿ ಕಾವಿಗೆ ಕೂತಿದೆ. ತೋಟದ ಯಜಮಾನರು 70 ದಾಟಿದವರು. ಅವರ ಮನೆಮಾತು ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ಅತ್ತ ಹೋದವರು. ನನ್ನ ಕನ್ನಡ ಕೇಳಿ ಅವರು ನಕ್ಕರು, ಅವರ ಕನ್ನಡ ಕೇಳಿ ನಾನು. ನಾನು ಅವರನ್ನು ಅಯ್ಯ ಅಂತಲೇ ಕರೆಯುವುದು. ರೇಟಿನ ಮಾತೇ ಎತ್ತಲಿಲ್ಲ ಅವರು. ಕೋಳಿ ಮರಿ ಮಾಡುವ ತನಕ ಕಾಯಬೇಕು, ಓಡಿಸುವ ದಿನ ತಮ್ಮನ್ನು ಕರೆಯಬೇಕು, ಎರಡೇ ಷರತ್ತು. ಮೂರು ವಾರ ಬಿಟ್ಟು ಗಾಡಿ ತೆಗೆದುಕೊಂಡು ಹೋದೆ. ಮಳೆ ಬರುವ ಹಾಗಿತ್ತು. ಒಳಗಿನಿಂದ ಒಂದು ನೀಲಿ ಟಾರ್ಪಾಲ್ ತಂದು ಅವರೇ ಹೊದಿಸಿ ಕಟ್ಟಿದರು. "ಟಾರ್ಪಾಲ್ ವಾಪಸ್ ಬೇಕು" ಅಂದರು. ಗೇಟಿನ ಹತ್ತಿರ ಬಂದು ಇನ್ನೊಂದು ಸಲ ಅಂದರು.

ಚಾಸಿ ಮನೆಗೆ ಬಂದ ದಿನ ಅಪ್ಪ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ ಕೇಳಿದ್ದು ಒಂದೇ ಪ್ರಶ್ನೆ. "ಇದಕ್ಕೆ ಸ್ಟೆಪ್ನಿ ಎಲ್ಲಿಡ್ತೀಯೋ?"

ಅಪ್ಪ 2020ರಲ್ಲಿ ಹೋಗಿಬಿಟ್ಟರು. ಆಮೇಲೆ ಎರಡು ವರ್ಷ ನಾನು ಚಾಸಿ ಇಟ್ಟಿದ್ದ ಶೀಟ್ ಮನೆ ಕಡೆ ತಲೆ ಹಾಕಲಿಲ್ಲ. ಚಾಸಿಯ ಪಕ್ಕದಲ್ಲೇ ಅಪ್ಪನ 1994ರ ಮಾರುತಿ 800 ನಿಂತಿತ್ತು. ಅದನ್ನು ನೋಡೋಕೂ ಆಗುತ್ತಿರಲಿಲ್ಲ, ಮಾರೋಕೂ ಮನಸ್ಸಿರಲಿಲ್ಲ. ಟೈರು ಕೂತುಹೋಯಿತು, ಬಾನೆಟ್ಟಿನೊಳಗೆ ಇಲಿ ಸೇರಿಕೊಂಡಿತು. ಕೊನೆಗೆ ಒಂದು ದಿನ ಅಮ್ಮ ಕಾಫಿ ಲೋಟ ಕೈಗಿಟ್ಟು ಅಂದರು. "ನಿಂತಲ್ಲೇ ತುಕ್ಕು ಹಿಡೀತಿದೆ. ಅದರ ಎಂಜಿನ್ ತೆಗೆದು ಇದಕ್ಕೆ ಹಾಕ್ಕೊ. ನಿಮ್ಮಪ್ಪನಿಗೂ ಗಾಡಿ ಸುಮ್ನೆ ನಿಂತರೆ ಆಗ್ತಿರಲಿಲ್ಲ." ಆರ್‌ಟಿಓ ಕೆಲಸ ಮುಗಿಸಿ, ಬಾಡಿ ಗುಜರಿಗೆ ಹೋಗುವ ದಿನ ಅಮ್ಮ ಡ್ಯಾಶ್‌ಬೋರ್ಡಿನ ಪುಟ್ಟ ಗಣೇಶನನ್ನು ಕಿತ್ತು ಸೆರಗಿನಲ್ಲಿ ಒರೆಸಿಟ್ಟುಕೊಂಡರು. ಅಮ್ಮಾ, ನಿಮಗೆ ಥ್ಯಾಂಕ್ಸ್ ಹೇಳಿದರೆ ಬೈತೀರಿ. ಬೈಯಿರಿ, ಪರವಾಗಿಲ್ಲ.

ಇನ್ನು ನಮ್ಮ ಮೇಸ್ತ್ರಿ. ವಿಲ್ಸನ್ ಗಾರ್ಡನ್ನಿನಲ್ಲಿ 40 ವರ್ಷ ಗ್ಯಾರೇಜ್ ನಡೆಸಿ ನಿವೃತ್ತರಾದವರು. ಒಂದು ಕಿವಿ ಕೇಳಿಸುವುದಿಲ್ಲ, ಆದರೆ ಎಂಜಿನ್ನಿನ ಟ್ಯಾಪೆಟ್ ಸದ್ದು ಮಾತ್ರ ಬೀದಿಯ ಆ ತುದಿಯಿಂದಲೇ ಕೇಳಿಸುತ್ತದೆ. ಚಾಸಿಗೆ ಬಣ್ಣ ಹೊಡೆದು ಬೇಗ ಮುಗಿಸೋಣ ಅಂತ ನಾನು ಅವಸರ ಮಾಡಿದೆ. ಅವರು ಸ್ಕ್ರೂಡ್ರೈವರ್ ಹಿಡಿಯಿಂದ ಒಂದೊಂದೇ ಪೈಪನ್ನು ಬಡಿಯುತ್ತಾ ಹೋದರು. ಟಣ್, ಟಣ್, ಟಣ್, ಟೊಪ್. ಟೊಪ್ ಅಂದದ್ದಕ್ಕೆಲ್ಲ ಚಾಕ್‌ಪೀಸಿನಲ್ಲಿ ಗುರುತು ಹಾಕಿದರು. ಒಳಗೆಲ್ಲ ತುಕ್ಕು ತಿಂದು ಹೋಗಿತ್ತು. 11 ಪೈಪು ಕತ್ತರಿಸಿ ಹೊಸದು ಬೆಸೆಯಬೇಕಾಯಿತು. "ಬಣ್ಣ ಹೊಡೆದ್ರೆ ಫೋಟೋಗೆ ಚೆನ್ನಾಗಿರುತ್ತೆ ಸರ್, ನಿಮಗೆ ಫೋಟೋ ಬೇಕಾ, ಕಾಲು ಬೇಕಾ?" ಅಂದರು. ಎಂಟು ತಿಂಗಳು ಅದರಲ್ಲೇ ಹೋಯಿತು. ಚಕ್ರಗಳ ಅಲೈನ್‌ಮೆಂಟ್ ಮಾಡಿದ್ದು ಯಾವ ಮಿಷನ್ನಿನಲ್ಲೂ ಅಲ್ಲ, ನಾಲ್ಕು ಸ್ಟ್ಯಾಂಡ್ ಇಟ್ಟು ಸುತ್ತ ದಾರ ಕಟ್ಟಿ, ಸ್ಟೀಲ್ ಸ್ಕೇಲಿನಲ್ಲಿ ಅಳೆದು. ದಾರದ ಚೌಕ ನೋಡಿ ಅಮ್ಮ, ಇದೇನು ಹೋಮ ಮಾಡಿಸ್ತಿದ್ದೀಯಾ ಅಂತ ಕೇಳಿದರು.

ಮಧ್ಯೆ ಒಂದು ಅನಾಹುತ ಆಯಿತು. ಸಿಲಿಂಡರನ್ನು ಒಳಗಿನಿಂದ ಕೊರೆದು ಅಗಲ ಮಾಡಿಸಲು ಎಂಜಿನ್ ಬ್ಲಾಕ್ ಕೊಟ್ಟಿದ್ದೆ. ಕಾಲು ಮಿಲಿಮೀಟರ್ ತೆಗೆಯಿರಿ ಅಂದರೆ ಅರ್ಧ ಮಿಲಿಮೀಟರ್ ತೆಗೆದು ಕೂತಿದ್ದರು. ಎಲ್ಲಿ, ಯಾರು ಅಂತ ಬೇಡ. ಬೇರೆ ಬ್ಲಾಕ್ ಆಗಿದ್ದರೆ ಗುಜರಿಗೆ ಹಾಕುತ್ತಿದ್ದೆ, ಇದು ಅಪ್ಪನದು. ಅಷ್ಟು ಅಗಲಕ್ಕೆ ಸರಿಹೋಗುವ ಓವರ್‌ಸೈಜ್ ಪಿಸ್ಟನ್ ಎಲ್ಲೂ ಸಿಗಲಿಲ್ಲ. ಮಾರುತಿ 800 ಬರುವುದು ನಿಂತಿದ್ದೇ 2014ರಲ್ಲಿ. ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಒಬ್ಬರು ಭಾಯ್ ಇದ್ದಾರೆ. ಅಪ್ಪ ಪ್ಲಗ್ಗು, ಪಾಯಿಂಟ್ ಸೆಟ್ಟು ತರುತ್ತಿದ್ದದ್ದು ಅವರಲ್ಲೇ. ವಿಷಯ ಕೇಳಿದವರೇ ಏಣಿ ಹಾಕಿ ಅಟ್ಟ ಹತ್ತಿದರು. ಅರ್ಧ ಗಂಟೆ ಬರೀ ಧೂಳು ಕೆಳಗೆ ಬಂತು. ಆಮೇಲೆ ಮೂರು ರಟ್ಟಿನ ಡಬ್ಬ ಹಿಡಿದುಕೊಂಡು ಅವರು ಬಂದರು. ದುಡ್ಡು ಕೊಡಲು ಹೋದರೆ ಎರಡರದ್ದೇ ತೆಗೆದುಕೊಂಡರು. "ಒಂದು ನಿಮ್ಮ ವಾಲಿದ್ ಸಾಬ್‌ದು" ಅಂದರು, ಅಪ್ಪನದು ಅಂತ. ಭಾಯ್, ಆವತ್ತು ಧೂಳಿಗೆ ಕಣ್ಣೊರೆಸಿಕೊಂಡೆ ಅಂದೆನಲ್ಲ, ಅದು ಧೂಳಲ್ಲ.

ಟೂಲ್ ರೂಮಿನ ಗೆಳೆಯರು ಶನಿವಾರ ಸಂಜೆ ಉಳಿದು ಚಕ್ರದ ಹಬ್ ಬುಷ್‌ಗಳನ್ನು ಲೇತಿನಲ್ಲಿ ಹಿಡಿದುಕೊಟ್ಟರು. ನಮ್ಮ ಸಾಹೇಬರು ನೋಡಿಯೂ ನೋಡದ ಹಾಗೆ ಹೋದರು. ಎಲ್ಲರಿಗೂ ನಾನು ಬಿರಿಯಾನಿ ಬಾಕಿ.

ನನ್ನ ಹೆಂಡತಿ ಈ ಆರೇಳು ವರ್ಷ ಒಂದೇ ಒಂದು ಕಾನೂನು ಇಟ್ಟಿದ್ದಳು. ಮಗಳ ಫೀಸ್ ಕಟ್ಟುವ ತಿಂಗಳು ಮನೆಗೆ ಯಾವ ಪಾರ್ಟೂ ಬರಕೂಡದು. ಸೀಟ್ ಮಾಡಿದ ದಿನ ಮಾತ್ರ ಅವಳು ನನ್ನ ಮಾನ ಉಳಿಸಲಿಲ್ಲ. ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಉಬ್ಬುವ ಫೋಮ್ ಸುರಿದು ಅದರ ಮೇಲೆ ನಾವು ಕೂರಬೇಕು, ಅದು ಬೆನ್ನಿನ ಆಕಾರಕ್ಕೆ ಗಟ್ಟಿಯಾಗುತ್ತದೆ. 20 ವರ್ಷದ ಹುಡುಗರಿಗೆ ಮಾಡಿದ ಚಾಸಿಯಲ್ಲಿ 47ರ ಹೊಟ್ಟೆ. ಫೋಮ್ ಉಬ್ಬಿತು, ನಾನು ಸಿಕ್ಕಿಕೊಂಡೆ. ಎಳೆಯುವ ಮೊದಲು ಅವಳು ವಿಡಿಯೋ ಮಾಡಿಕೊಂಡಳು. ಅದು ನೆಂಟರಿಗೆಲ್ಲ ತಲುಪಿದೆ.

ಕೊಯಮತ್ತೂರಿಗೆ ಸೇಲಂ ಮೇಲೆ ಪಿಕಪ್‌ನಲ್ಲಿ ಸಾಗಿಸಿದೆವು. ಟೋಲಿನಲ್ಲಿ ಒಬ್ಬರು ಟಾರ್ಪಾಲ್ ಎತ್ತಿ ನೋಡಿ, ಬೋಟಾ ಅಂತ ಕೇಳಿದರು. ನಮ್ಮ ಡ್ರೈವರ್ ಹೌದು ಅಂದುಬಿಟ್ಟ.

ಬೆಳಿಗ್ಗೆ ಏಳೂವರೆಗೆ ಬೆಲ್ಟ್ ಬಿಗಿದರು. ಗಣೇಶನನ್ನು ಒಳಗಿಡಲು ಮೇಸ್ತ್ರಿ ಬಿಡಲಿಲ್ಲ. ಕಿತ್ತು ಬಂದರೆ ಪೆಡಲ್ ಕೆಳಗೆ ಸೇರುತ್ತೆ, ದೇವರಾದರೂ ಅಷ್ಟೇ ಅಂದರು. ಟೂಲ್‌ಬಾಕ್ಸಿನ ಮೇಲೆ ಕೂರಿಸಿದೆವು. ಸ್ಟಾರ್ಟ್ ಬಟನ್ ಒತ್ತಿದೆ. ಮೊದಲು ಹಿಡಿಯಲಿಲ್ಲ. ಕುಯ್, ಕುಯ್, ಕುಯ್. ನಾನು ಕಾಲೇಜಿಗೆ ಲೇಟಾಗಿ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದಾಗ, ಅಪ್ಪ ಚೋಕ್ ಎಳೆದು ಬೈಯುತ್ತಿದ್ದ ಅದೇ ಸದ್ದು. ಆಮೇಲೆ ಹತ್ತಿಕೊಂಡಿತು. ಆದರೆ ಈಗ ಸದ್ದು ಮುಂದಿನಿಂದ ಬರುತ್ತಿಲ್ಲ, ಬೆನ್ನುಹುರಿಯಿಂದ ಬರುತ್ತಿದೆ.

ಕೂತರೆ ನೆಲಕ್ಕೂ ನಮಗೂ ಒಂದು ಗೇಣು. ಸ್ಪೀಡೋಮೀಟರ್ ಇಲ್ಲ, ಎಂಜಿನ್ ನಿಮಿಷಕ್ಕೆ ಎಷ್ಟು ಸಲ ತಿರುಗುತ್ತದೆ ಅಂತ ತೋರಿಸುವ ಆರ್‌ಪಿಎಂ ಮೀಟರ್ ಒಂದೇ. ಮೊದಲ ಐದು ಸುತ್ತು 4,500 ದಾಟಬಾರದು ಅಂತ ಮೇಸ್ತ್ರಿ ಆಜ್ಞೆ. ಗೇರ್ ಲಿವರ್ ಬಲಗೈ ಕಡೆ, ಬೆರಳುದ್ದ. ಜೀವಮಾನವಿಡೀ ಎಡಗೈಯಲ್ಲಿ ಗೇರ್ ಹಾಕಿದವನು ನಾನು. ಮೊದಲ ಸುತ್ತಿನಲ್ಲಿ ಎಡಗೈ ಎರಡು ಸಲ ಸುಮ್ನೆ ಗಾಳಿಯಲ್ಲಿ ತಡಕಾಡಿತು. ಎಲ್ಲಕ್ಕಿಂತ ನನ್ನನ್ನು ಮರುಳು ಮಾಡಿದ್ದು ಮುಂದಿನ ಚಕ್ರಗಳು. ಅವು ಕಣ್ಣೆದುರೇ ತಿರುಗುತ್ತವೆ. ಸ್ಟೀರಿಂಗ್ ಬೆರಳಷ್ಟು ಆಡಿಸಿದರೆ ಟೈರ್ ತಿರುಗುವುದು ಕಾಣುತ್ತದೆ, ರಸ್ತೆಯ ಸಣ್ಣ ಉಬ್ಬಿಗೆ ಸಸ್ಪೆನ್ಷನ್ ಕೈ ಮೇಲೆದ್ದು ಕೂರುವುದು ಕಾಣುತ್ತದೆ. 14 ವರ್ಷದವನಾಗಿದ್ದಾಗ ಬೇಲಿಯ ಆಚೆಯಿಂದ ಇದನ್ನೇ ನೋಡಿದ್ದೆ. ಒಳಗಿನಿಂದ ನೋಡಿದರೆ ಅದು ನಿಧಾನವಾಗಿ ಕಾಣುತ್ತದೆ. ಯಾಕೋ ಗೊತ್ತಿಲ್ಲ.

ಆರನೇ ಸುತ್ತಿಗೆ ಕಾಲು ಒತ್ತಿದೆ. ಹತ್ತನೇ ಸುತ್ತಿಗೆ ನನಗೆ ಎಲ್ಲಾ ಬರುತ್ತೆ ಅನ್ನಿಸಿತು. ಹನ್ನೊಂದನೇ ಸುತ್ತಿನಲ್ಲಿ ಒಂದು ಬಲ ತಿರುವಿಗೆ ಸ್ವಲ್ಪ ಜಾಸ್ತಿಯೇ ಜೋರಾಗಿ ಹೋದೆ. ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಮಾರುತಿ 800ರಲ್ಲಿ ಹಾಗೆ ಮಾಡಿದರೆ ಗಾಡಿ ತಿರುವಿನೊಳಗೆ ಬರುತ್ತದೆ, ಎಂಜಿನ್ನೂ ಎಳೆಯುವ ಚಕ್ರವೂ ಮುಂದೆ ಇರುತ್ತವಲ್ಲ. ಇದರಲ್ಲಿ ಎರಡೂ ಹಿಂದೆ. ಕಾಲು ತೆಗೆದ ಕೂಡಲೇ ತೂಕ ಮುಂದಕ್ಕೆ ವಾಲಿತು, ಹಿಂದಿನ ಟೈರು ಕೈ ಕೊಟ್ಟವು. ಆಕಾಶ, ಬೇಲಿ, ನಾನು ಬಂದ ದಾರಿ, ಮತ್ತೆ ಬೇಲಿ. ನಿಂತಾಗ ಮೂಗು ಉಲ್ಟಾ ದಿಕ್ಕಿಗಿತ್ತು. ಎಂಜಿನ್ ಆಫ್. ಹಳದಿ ಬಾವುಟ ಬೀಸಿಕೊಂಡು ಓಡಿ ಬಂದ ಮಾರ್ಷಲ್ ಹುಡುಗರು ಮೊದಲು ಕೇಳಿದ್ದು ನನ್ನನ್ನು, ಆಮೇಲೆ ಕಾರನ್ನು. ಬಿಸಿಲಲ್ಲಿ ನಿಂತು ಒಬ್ಬ ಅಪರಿಚಿತನ ಹುಚ್ಚನ್ನು ಕಾದ ಆ ಹುಡುಗರಿಗೆ ನನ್ನ ಸಲಾಂ. ಮೇಸ್ತ್ರಿ ಏನೂ ಬೈಯಲಿಲ್ಲ. ಒಂದೊಂದೇ ಪೈಪು ಬಡಿದು ನೋಡಿದರು. ಟಣ್, ಟಣ್, ಟಣ್. "ಇನ್ನು ಮೂರು ಸುತ್ತು ಹೋಗಿ ಬನ್ನಿ ಸರ್. ಇಲ್ಲಾಂದ್ರೆ ರಾತ್ರಿ ನಿದ್ದೆ ಬರಲ್ಲ" ಅಂದರು. ಹೋಗಿ ಬಂದೆ. ಈ ಮೂರು ಸುತ್ತಿಗಾಗಿಯೇ ಅವರಿಗೆ ಬೇರೆ ಋಣ.

ಮಗಳು ಮೊಬೈಲಿನಲ್ಲಿ ಸುತ್ತುಗಳ ಟೈಮ್ ಹಿಡಿದಿದ್ದಾಳೆ. ಎಷ್ಟು ಅಂತ ಕೇಳಿದೆ. "ಬೇಡ ಅಪ್ಪ" ಅಂದಳು.

ಅಯ್ಯ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೊಡೆ. ಪಿಟ್ ಗೋಡೆಯ ಹಿಂದೆ ಕುರ್ಚಿ ಹಾಕಿಸಿಕೊಂಡು 14 ಸುತ್ತನ್ನೂ ನೋಡಿದರು. ನಾನು ಹೆಲ್ಮೆಟ್ ತೆಗೆದು ಕಾಲಿಗೆ ಬಿದ್ದೆ. ಭುಜ ತಟ್ಟಿ, ಮೂರನೇ ಗೇರಿಗೆ ಬೇಗ ಹಾಕ್ತಿದ್ದೀಯ, ಇನ್ನೂ ಸ್ವಲ್ಪ ಎಳೀಬೇಕು ಅಂದರು. ಆಮೇಲೆ ಕಾರಿನ ಒಳಗೆ ಬಗ್ಗಿ ನೋಡಿ, ಕೋಳಿ ಕೂತಿದ್ದ ಜಾಗ ಇದೇ ಅಲ್ವಾ ಅಂದರು.

ಹೊರಡುವ ಗಡಿಬಿಡಿಯಲ್ಲಿ ಟಾರ್ಪಾಲನ್ನು ಮತ್ತೆ ಕಾರಿಗೇ ಹೊದಿಸಿ ಬೆಂಗಳೂರಿಗೆ ತಂದುಬಿಟ್ಟಿದ್ದೇನೆ. ನಿನ್ನೆ ತೊಳೆದು ಟೆರೇಸಿನಲ್ಲಿ ಒಣಗಿಸಿದೆ. ಎರಡು ಕಡೆ ಹರಿದಿತ್ತು, ಅಮ್ಮ ಹೊಲಿದಿದ್ದಾರೆ. ಅಯ್ಯ, ಮುಂದಿನ ತಿಂಗಳು ಎರಡನೇ ಶನಿವಾರ ಖಂಡಿತ ತರುತ್ತೇನೆ.