ಹವಾಮಾನದ ಕೆಲಸ ಹಸಿ ಕಸದಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ಭೂಮಿಯ ಬಿಸಿಯೇರಿಕೆಗೆ ಕಡಿವಾಣ ಹಾಕಲು 2015ರ ಪ್ಯಾರಿಸ್ ಒಪ್ಪಂದ ಮಾಡಿಕೊಂಡದ್ದು ರಾಷ್ಟ್ರಗಳು ನಿಜ. ಆದರೆ ಕಸ, ಕುಡಿಯುವ ನೀರು, ಚರಂಡಿ, ಬೀದಿದೀಪ ಸಾಮಾನ್ಯವಾಗಿ ಇರುವುದು ಪಂಚಾಯಿತಿ, ಪುರಸಭೆ, ಪಾಲಿಕೆಗಳ ಕೈಯಲ್ಲಿ. ವರ್ಷಕ್ಕೊಮ್ಮೆ ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ ಈ ಹೊಣೆ ಮುಗಿಯುವುದಿಲ್ಲ. ಸ್ಥಳೀಯ ಸಂಸ್ಥೆಯೊಂದು ಬೇಗ ಫಲ ಕಾಣಬಹುದಾದ ಕೆಲಸವೆಂದರೆ ಹಸಿ ಕಸದ ನಿರ್ವಹಣೆ.

ಗುಡ್ಡೆಯಾಗಿ ಬಿದ್ದ ಕಸದೊಳಗೆ ಗಾಳಿಯಾಡದಿದ್ದರೆ ಮೀಥೇನ್ ಹುಟ್ಟುತ್ತದೆ. 20 ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ, ತೂಕಕ್ಕೆ ತೂಕ, ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. ಆದರೆ ವಾತಾವರಣದಲ್ಲಿ ಅದು ಉಳಿಯುವುದು ಹತ್ತು ಹನ್ನೆರಡು ವರ್ಷ ಮಾತ್ರ. ಆದ್ದರಿಂದಲೇ ಇಂದು ತಡೆದದ್ದರ ಫಲ ಈ ತಲೆಮಾರಿಗೇ ಸಿಗುತ್ತದೆ. ಅದೇ ಕಸವನ್ನು ಗಾಳಿಯಾಡುವಂತೆ ಕೊಳೆಸಿದರೆ ಮೀಥೇನ್ ತೀರಾ ಕಡಿಮೆ.

ಹೀಗೆ ಹಸಿ ಕಸ ಕೊಳೆಸುವ ಗೊಬ್ಬರ ಘಟಕಗಳು ಉದ್ಘಾಟನೆಯಾದ ಕೆಲವೇ ತಿಂಗಳಲ್ಲಿ ನಾರುವುದಕ್ಕೆ ಮುಖ್ಯ ಕಾರಣ ತರಗೆಲೆಯ ಕೊರತೆ. ಅಡುಗೆಮನೆಯ ಕಸದಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಒಂದು ಬುಟ್ಟಿ ಹಸಿ ಕಸಕ್ಕೆ ಒಂದರಿಂದ ಎರಡು ಬುಟ್ಟಿ ಒಣ ಎಲೆ ಅಥವಾ ಮರದ ಚೂರು ಬೆರೆಸಲೇಬೇಕು. ಬೀದಿ ಗುಡಿಸಿದ ಎಲೆಗೆ ಮೂಲೆಯಲ್ಲಿ ಬೆಂಕಿ ಹಚ್ಚಿ, ಅತ್ತ ಘಟಕದಲ್ಲಿ ಎಲೆಯಿಲ್ಲವೆಂದು ಕೈಚೆಲ್ಲುವುದು ನೋಡಲಾಗದ ಸಂಗತಿ. ಬೇಸಿಗೆಯಲ್ಲಿ ಉದುರಿದ ಎಲೆಯನ್ನು ಚೀಲ ಕಟ್ಟಿ ಮಳೆಗಾಲಕ್ಕೆ ಇಟ್ಟುಕೊಳ್ಳಲು ಒಂದು ಶೆಡ್ ಸಾಕು.

ಎಲೆ ಬೆರೆಸಿದ ಕಸವನ್ನು ಉದ್ದಕ್ಕೆ ರಾಶಿ ಹಾಕಿದ ಸಾಲು ಒಂದೂವರೆ ಮೀಟರ್ ಎತ್ತರವಿರಲಿ. ಒಂದು ಮೀಟರಿಗಿಂತ ತಗ್ಗಾದರೆ ಬಿಸಿ ನಿಲ್ಲದು, ತೀರಾ ಎತ್ತರವಾದರೆ ಬುಡಕ್ಕೆ ಗಾಳಿ ಸೇರದು. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ನೀರು ಧಾರೆಯಾಗಿ ಇಳಿಯಬಾರದು. ಸಾಲಿನ ಒಡಲಲ್ಲಿ 55 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಬಿಸಿ 15 ದಿನ ಇದ್ದು, ಅಷ್ಟರೊಳಗೆ ಐದು ಬಾರಿ ಮಗುಚಿದರೆ ರೋಗಾಣುಗಳು ಸಾಯುತ್ತವೆ. ಬಿಸಿಯೇ ಏರದೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿದೆ, ಒಳಗೆ ಗಾಳಿಯಿಲ್ಲ ಎಂದರ್ಥ. ಎಲೆ ಸೇರಿಸಿ ಮಗುಚಬೇಕು. ಮೂಗಿಗೆ ಘಾಟು ಹೊಡೆದರೆ ಸಾರಜನಕ ಹೆಚ್ಚಾಗಿದೆ, ಅದಕ್ಕೂ ಎಲೆಯೇ ಮದ್ದು. ಮೇಲೆ ಚಾವಣಿ, ಕೆಳಗೆ ಇಳಿಜಾರಿನ ಗಟ್ಟಿ ನೆಲ, ಕಪ್ಪು ರಸ ಹಿಡಿಯುವ ಗುಂಡಿ ಇಲ್ಲದ ಘಟಕ ಮೊದಲ ಮಳೆಗೇ ಕೆಡುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಘಟಕ ಸೋಲುವುದು ಕರಾರು ಪತ್ರದಲ್ಲಿ. ಗುತ್ತಿಗೆದಾರರಿಗೆ ಸಾಗಿಸಿದ ಟನ್ನಿನ ಲೆಕ್ಕದಲ್ಲಿ ಹಣ ಕೊಟ್ಟರೆ ಕಸ ಬೇರ್ಪಡಿಸಿದಷ್ಟೂ ಅವರಿಗೆ ನಷ್ಟ. ಮನೆಯವರು ಬೇರೆ ಮಾಡಿಕೊಟ್ಟದ್ದು ಲಾರಿಯಲ್ಲಿ ಒಂದಾಗುತ್ತದೆ, ಅದನ್ನು ಕಣ್ಣಾರೆ ಕಂಡ ಮನೆಯವರು ಮರುದಿನದಿಂದ ಬೇರ್ಪಡಿಸುವುದನ್ನೇ ಬಿಡುತ್ತಾರೆ. ಬೆರಕೆಯಿಲ್ಲದ ಹಸಿ ಕಸವನ್ನು ಘಟಕದ ಬಾಗಿಲಲ್ಲಿ ತೂಗಿ, ಆ ತೂಕಕ್ಕೆ ಹಣ ಕೊಡುವ ಷರತ್ತು ಟೆಂಡರಿನಲ್ಲೇ ಇರಬೇಕು. ಯಂತ್ರ ಖರೀದಿಗೆ ಹಣವಿಟ್ಟು, ಅದನ್ನು ನಡೆಸುವವರ ಸಂಬಳಕ್ಕೂ ವಿದ್ಯುತ್ತಿಗೂ ಇಡದ ಬಜೆಟ್ಟಿಗೆ ಸದಸ್ಯರು ಒಪ್ಪಿಗೆ ಕೊಡಬಾರದು.

ನೀರಿನ ವಿಷಯದಲ್ಲೂ ಲೆಕ್ಕ ಬೇಕು. ಸೋರಿಹೋದ ಪ್ರತಿ ಲೀಟರಿನೊಂದಿಗೆ ಅದನ್ನು ಮೇಲೆತ್ತಿದ ವಿದ್ಯುತ್ತೂ ಹೋಗುತ್ತದೆ. ಹೆಚ್ಚಿನವರು ನೀರು ಬಳಸದ ನಡುರಾತ್ರಿಯಲ್ಲಿ ವಾರ್ಡಿನ ಮೀಟರ್ ನೋಡಿದರೆ ಸೋರಿಕೆಯ ಅಂದಾಜು ಸಿಗುತ್ತದೆ. ಚರಂಡಿಯಿಂದ ತೆಗೆದ ಹೂಳನ್ನು ದಂಡೆಯಲ್ಲೇ ಬಿಟ್ಟರೆ ಮುಂದಿನ ಮಳೆಗೆ ಅದು ಮತ್ತೆ ಚರಂಡಿಗೇ ಇಳಿಯುತ್ತದೆ. ಆದ್ದರಿಂದ ಹೂಳು ಸಾಗಿಸಿದ ರಸೀದಿ ಕೊಡುವ ತನಕ ಬಿಲ್ ಪಾಸಾಗಬಾರದು.

ಘಟಕಕ್ಕೆ ಬಂದ ಹಸಿ ಕಸ, ಬೆರಕೆಯೆಂದು ತಿರಸ್ಕರಿಸಿದ್ದು, ಹೊರಬಂದ ಗೊಬ್ಬರ, ಈ ಮೂರರ ತೂಕವನ್ನು ಪ್ರತಿ ತಿಂಗಳೂ ಕಚೇರಿಯ ಸೂಚನಾ ಫಲಕದಲ್ಲಿ ಹಾಕಬೇಕೆಂದು ನಮ್ಮ ಆಗ್ರಹ. ತಿರಸ್ಕರಿಸಿದ ತೂಕ ಏರುತ್ತಿದ್ದರೆ ಅದು ಯಾವ ವಾರ್ಡಿನ ಲಾರಿಯಿಂದ ಬಂತೆಂದು ಆಯಾ ಸದಸ್ಯರು ಸಭೆಯಲ್ಲಿ ಕೇಳಲಿ.