ಉತ್ತರ ಸರಿ, ಹೇಗೆ ಅಂತಲೂ ಹಾಕಿ

ಸಂಪಾದಕರೇ,

ನಿಮ್ಮ ಪತ್ರಿಕೆಯ ಗೂಢ ಪದಬಂಧವನ್ನು, ಅಂದರೆ ಸುಳಿವಿನಲ್ಲಿ ಅರ್ಥದ ಜತೆ ಪದದಾಟವೂ ಅಡಗಿರುವಂಥದ್ದನ್ನು, ಹಲವು ವರ್ಷಗಳಿಂದ ಬಿಡಿಸುತ್ತಿದ್ದೇನೆ. ಬಿಡಿಸುತ್ತಿದ್ದೇನೆ ಅನ್ನುವುದಕ್ಕಿಂತ ತಪ್ಪು ತುಂಬುತ್ತಿದ್ದೇನೆ ಅಂದರೇ ಸರಿ. ಈ ಪತ್ರವೂ ಆ ತಪ್ಪುಗಳ ಬಗ್ಗೆಯೇ.

ಕೆಲವು ತಿಂಗಳ ಹಿಂದೆ ಒಂದು ಸುಳಿವು ಬಂದಿತ್ತು: ‘ಯಾವಾಗಲೂ ತಿರುಗುವ ಸೇವಕ (2)’. ಎರಡೇ ಅಕ್ಷರ, ಸೇವಕ ಅಂದರೆ ಆಳು, ಇದರಲ್ಲೇನು ಗೂಢ ಅಂದುಕೊಂಡು ಪೆನ್ನಲ್ಲೇ ಬರೆದುಬಿಟ್ಟೆ. ಆ ಎರಡನೇ ಚೌಕದಿಂದ ಕೆಳಕ್ಕೆ ಇನ್ನೊಂದು ಪದ ಶುರುವಾಗುತ್ತಿತ್ತು. ಅಂದರೆ ‘ಳು’ವಿನಿಂದ! ಕನ್ನಡದಲ್ಲಿ ಳಕಾರದಿಂದ ಶುರುವಾಗುವ ಪದವೇ ಇಲ್ಲ, ಅದು ನನಗೂ ಗೊತ್ತು, ಆದರೂ ಅರ್ಧ ಗಂಟೆ ತಲೆ ಕೆರೆದುಕೊಂಡು ಕೊನೆಗೆ ಅಚ್ಚಿನ ತಪ್ಪೇ ಇರಬೇಕು ಅಂತ ನಿಮ್ಮನ್ನು ಬೈದುಕೊಂಡು ಪೇಪರ್ ಮಡಚಿಟ್ಟೆ. ನನ್ನ ಆಳಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಮರುದಿನ ಉತ್ತರ ನೋಡಿದರೆ ‘ದಾಸ’. ಸರಿ, ದಾಸ ಅಂದರೂ ಸೇವಕನೇ, ರಚಿಸಿದವರ ತಲೆಗೆ ಅದು ಬಂದಿದೆ, ನನಗೆ ಇದು ಬಂದಿದೆ ಅಂತ ಸಮಾಧಾನ ಮಾಡಿಕೊಂಡೆ. ಎಷ್ಟೋ ವಾರ ಆದಮೇಲೆ, ಯಾವುದೋ ಮಾತಿನ ನಡುವೆ ‘ಸದಾ’ ಅನ್ನುವ ಪದ ಬಾಯಿಗೆ ಬಂದಾಗ, ಥಟ್ಟನೆ ಹೊಳೆಯಿತು. ಯಾವಾಗಲೂ ಅಂದರೆ ಸದಾ. ಸದಾ ತಿರುಗಿದರೆ ದಾಸ. ಅಯ್ಯೋ, ಎಷ್ಟು ಚೆಂದದ ಸುಳಿವು! ನಾನು ಆಳು ಅಂತ ಬರೆದಾಗ ‘ಯಾವಾಗಲೂ’ ಮತ್ತು ‘ತಿರುಗುವ’ ಎರಡೂ ಕೆಲಸವಿಲ್ಲದೆ ಸುಮ್ನೆ ಕೂತಿದ್ದವು. ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಬರೆದ ತಪ್ಪು ಉತ್ತರ ಒಂದು ಕಡೆ, ಅದು ಸರಿ ಅಂತ ಯಾಕೆ ಅನ್ನಿಸಿತು ಅನ್ನುವುದು ಇನ್ನೊಂದು ಕಡೆ. ಈ ಎರಡನೆಯದೇ ಮುಖ್ಯ. ‘ಎಂಟಕ್ಕೆ ಮೊದಲು ಹಾಸಿಗೆ ಬಿಡು (2)’, ಇದಕ್ಕೆ ನಾನು ‘ಬೇಗ’ ಅಂತ ಬರೆದಿದ್ದೆ. ಸರಿಯುತ್ತರ ‘ಏಳು’. ಎಂಟಕ್ಕೆ ಮೊದಲು ಬರುವುದೂ ಏಳು, ಹಾಸಿಗೆ ಬಿಡು ಅಂದರೂ ಏಳು. ‘ಕಾರಣದಲ್ಲೇ ಇದೆ ಕಾಳಗ (2)’, ನನ್ನ ಉತ್ತರ ‘ಯುದ್ಧ’. ಆದರೆ ‘ಕಾರಣ’ದ ಹೊಟ್ಟೆಯೊಳಗೇ ‘ರಣ’ ಕೂತಿದೆ! ಪುಟ ತಿರುವಿದಂತೆ ನನ್ನ ಕಾಯಿಲೆ ಏನು ಅಂತ ಗೊತ್ತಾಯಿತು. ಅರ್ಥ ಸಿಕ್ಕಿದ ಕೂಡಲೇ ನಾನು ಸುಳಿವನ್ನು ಓದುವುದನ್ನೇ ನಿಲ್ಲಿಸುತ್ತೇನೆ. ನಮ್ಮಕ್ಕನದು ಇದಕ್ಕೆ ಉಲ್ಟಾ. ಅವಳಿಗೆ ಎಲ್ಲೆಲ್ಲೂ ಪದದಾಟವೇ ಕಾಣುತ್ತದೆ, ಸುಮ್ಮನಿರುವ ಪದವನ್ನೂ ಹಿಂದುಮುಂದು ಮಾಡಿ, ಕಲಸಿ, ಬಾಲ ಕತ್ತರಿಸಿ, ಯಾವ ನಿಘಂಟಿನಲ್ಲೂ ಇಲ್ಲದ ಏನನ್ನೋ ಹುಟ್ಟಿಸಿ ಚೌಕಕ್ಕೆ ತುರುಕುತ್ತಾಳೆ. ಇಬ್ಬರ ತಪ್ಪೂ ಬೇರೆ ಬೇರೆ ಆಗಿದ್ದರಿಂದಲೇ ಸೇರಿ ಕೂತರೆ ಬೇಗ ಮುಗಿಯುತ್ತದೆ.

ಇಂಗ್ಲಿಷ್‌ನ ಪದಬಂಧಕ್ಕಿಂತ ಇಲ್ಲಿ ತಪ್ಪು ಅಡಗಿ ಕೂರುವ ಜಾಗ ಬೇರೆ, ಅಲ್ವಾ? ಅಲ್ಲಿ ಒಂದು ಚೌಕಕ್ಕೆ 26ರಲ್ಲಿ ಒಂದು ಅಕ್ಷರ, ಆಕಸ್ಮಿಕವಾಗಿ ಹೊಂದಿಬಿಡುವುದು ಸುಲಭ. ನಮ್ಮಲ್ಲಿ ಗುಣಿತ, ಒತ್ತು ಎಲ್ಲ ಸೇರಿ ಒಂದೇ ಚೌಕ. ಹಾಗಾಗಿ ಅಡ್ಡ ಹಾಯುವ ಪದ ತಪ್ಪನ್ನು ಕೂಡಲೇ ಹಿಡಿದುಕೊಡುತ್ತದೆ. ಆದರೆ ಎರಡಕ್ಷರದ ಪದಗಳು ಜಾಸ್ತಿ. ಎಷ್ಟೋ ಸಲ ಒಂದೇ ಚೌಕ ಅಡ್ಡ ಸಿಗುತ್ತದೆ. ಉಳಿದದ್ದು ಮರುದಿನದವರೆಗೂ ಆರಾಮವಾಗಿ ತಪ್ಪಾಗಿಯೇ ಇರುತ್ತದೆ.

ಎಲ್ಲ ತಪ್ಪೂ ನನ್ನದೇ ಅಂತಲೂ ಒಪ್ಪುವುದಿಲ್ಲ. ‘ಹೊಳೆ ತಿರುಗಿ ದಿವಸ (2)’ ಅಂತ ಕೊಟ್ಟಿದ್ದಿರಿ. ನಾನು ‘ನದಿ’ ಅಂದೆ, ನೀವು ‘ದಿನ’ ಅಂದಿರಿ. ‘ತಿರುಗಿ’ ಅನ್ನುವುದನ್ನು ನಡುವೆ ನಿಲ್ಲಿಸಿದರೆ ಅದು ಆ ಕಡೆಗೂ ಸೇರುತ್ತದೆ, ಈ ಕಡೆಗೂ ಸೇರುತ್ತದೆ. ಅಡ್ಡ ಪದ ಬಂದಮೇಲೆ ತೀರ್ಮಾನ ಆಗುತ್ತದೆ, ನಿಜ. ಆದರೂ ಸುಳಿವು ತನ್ನ ಕಾಲ ಮೇಲೆ ನಿಲ್ಲಬೇಕಲ್ಲವೇ? ಲಂಡನ್ನಿನ ಆಬ್ಸರ್ವರ್ ಪತ್ರಿಕೆಗೆ ಝಿಮೆನೀಸ್ ಅನ್ನುವ ಹೆಸರಲ್ಲಿ ಪದಬಂಧ ಬರೆಯುತ್ತಿದ್ದ ಡೆರಿಕ್ ಮ್ಯಾಕ್‌ನಟ್ ಅವರ ಲೆಕ್ಕದಲ್ಲಿ ಸುಳಿವಿನಲ್ಲಿ ಇರಬೇಕಾದ್ದು ಇಷ್ಟೇ: ನಿಖರವಾದ ಅರ್ಥ, ನ್ಯಾಯವಾದ ಪದದಾಟ, ಬೇರೇನೂ ಬೇಡ. (ಅವರಿಗಿಂತ ಮುಂಚೆ ಅಲ್ಲಿ ಬರೆಯುತ್ತಿದ್ದವರು ಇಟ್ಟುಕೊಂಡಿದ್ದ ಹೆಸರು ಟಾರ್ಕೆಮಾಡಾ. ಇಬ್ಬರೂ ಹೆಸರು ತೆಗೆದುಕೊಂಡಿದ್ದು ಸ್ಪೇನಿನಲ್ಲಿ ಧರ್ಮದ ವಿಚಾರಣೆ ನಡೆಸುತ್ತಿದ್ದವರಿಂದ. ಬಿಡಿಸುವವರ ಪಾಡು ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.)

ಈಗ ನನ್ನ ಬೇಡಿಕೆ. ಉತ್ತರದ ಜತೆ, ಅದು ಹೇಗೆ ಬಂತು ಅಂತ ಒಂದು ಸಾಲು ಹಾಕಿ. 2001ರಲ್ಲಿ ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ವಿಚಿತ್ರ ಕಂಡುಕೊಂಡರು. ಅಳುಕುತ್ತಾ ಕೊಟ್ಟ ತಪ್ಪು ಉತ್ತರಕ್ಕಿಂತ, ಖಾತ್ರಿಯಿಂದ ಕೊಟ್ಟ ತಪ್ಪು ಉತ್ತರವನ್ನೇ ಜನ ಆಮೇಲೆ ಚೆನ್ನಾಗಿ ತಿದ್ದಿಕೊಳ್ಳುತ್ತಾರಂತೆ. ಹಾಗಾದರೆ ಪೆನ್ನಲ್ಲಿ ಬರೆಯುವ ನನ್ನಂಥವರಿಗೆ ಒಳ್ಳೆಯ ಸುದ್ದಿ! ಆದರೆ ಅವರು ಸರಿಯುತ್ತರ ತಿಳಿಸಿದ್ದು ಸಾಮಾನ್ಯ ಜ್ಞಾನದ ಪ್ರಶ್ನೆಗಳಿಗೆ. ಅಲ್ಲಿ ಉತ್ತರವೇ ಕಲಿಯಬೇಕಾದ ವಿಷಯ. ಪದಬಂಧದಲ್ಲಿ ‘ದಾಸ’ ಅಂತ ನೆನಪಿಟ್ಟುಕೊಂಡು ನಾನೇನು ಮಾಡಲಿ? ನಾಳೆ ಬರುವುದು ದಾಸ ಅಲ್ಲ, ಇನ್ನೊಂದು ತಿರುಗುವ ಪದ. ಸರಿಯುತ್ತರ ನೋಡಿದ ಮೇಲೂ ವಾರಗಟ್ಟಲೆ ನಾನು ದಡ್ಡನಾಗಿಯೇ ಇದ್ದೆನಲ್ಲ.

ಜಾಗದ ಚಿಂತೆ ಬೇಡ. ‘ಯಾವಾಗಲೂ = ಸದಾ, ತಿರುಗಿಸಿ’, ಇಷ್ಟು ಸಾಕು. ಎಲ್ಲಕ್ಕೂ ಆಗದಿದ್ದರೆ ದಿನಕ್ಕೆ ನಾಲ್ಕು ಕಷ್ಟದ ಸುಳಿವುಗಳಿಗಾದರೂ ಹಾಕಿ.

ಶುಕ್ರವಾರದ್ದರಿಂದಲೇ ಶುರುಮಾಡಿ. ‘ಕೋತಿ ಲಾಗ ಹಾಕಿದರೆ ಕೋಗಿಲೆ (2)’ ಅನ್ನುವುದಕ್ಕೆ ‘ಪಿಕ’ ಅಂತ ಉತ್ತರ ಕೊಟ್ಟಿದ್ದೀರಿ. ನನಗೆ ಹೊಳೆದಿದೆ. ಅಕ್ಕನಿಗೆ ಇನ್ನೂ ಹೊಳೆದಿಲ್ಲ, ಮೂರು ದಿನದಿಂದ ಕೇಳುತ್ತಿದ್ದಾಳೆ, ನಾನು ಹೇಳುತ್ತಿಲ್ಲ.

ಇಂತಿ,
ಪೆನ್ನಲ್ಲೇ ಬರೆಯುವ ನಿಮ್ಮ ಓದುಗ