ನಿಮ್ಮ ಡ್ರಿಪ್ ಗ್ರಾಮೆಟ್, ನನ್ನ ದೋಣಿ

ಟಾಂಪೆರೆ, ಫಿನ್‌ಲ್ಯಾಂಡ್

ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಟೊಮ್ಯಾಟೊಗೆ ಈ ಸಲ ರೇಟ್ ಸಿಕ್ಕಿತಾ? ಫೋನಿನಲ್ಲಿ ದೋಣಿ ವಿಷಯ ಅರ್ಧಕ್ಕೇ ನಿಂತಿತು. ಇದರಲ್ಲಿ ನಿಮ್ಮ ಪಾಲೇ ಜಾಸ್ತಿ ಅಪ್ಪ, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಈ ಊರು ಎರಡು ದೊಡ್ಡ ಸರೋವರಗಳ ನಡುವೆ ಇದೆ. ನಮ್ಮ ಕೆರೆಯಲ್ಲಿ ನಾವು ಕ್ರಿಕೆಟ್ ಆಡಿ ಬೆಳೆದವರು. 2018ರಲ್ಲಿ ಕೋಲಾರದ ಕಡೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆಗೆ ಬಿಡುವ ನೀರು, ಬರುವ ಹೊತ್ತಿಗೆ ನಾನು ಊರು ಬಿಟ್ಟಾಗಿತ್ತು. ಇಷ್ಟು ನೀರು ಕಂಡು ಸುಮ್ನೆ ಇರಲಾಗಲಿಲ್ಲ. ಗಾಳಿ ತುಂಬುವ ಸಣ್ಣ ದೋಣಿ ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡೆ. ಕಾಲಲ್ಲಿ ತುಳಿಯುವ ಪಂಪೂ ಬಂತು. ಆದರೆ ಪಂಪಿನ ಪೈಪನ್ನು ವಾಲ್ವಿಗೆ ಸೇರಿಸುವ ಮೂತಿ ಕಳೆದುಹೋಗಿತ್ತು. ಬಟ್ಟೆ ಸುತ್ತಿ ಒತ್ತಿ ಹಿಡಿದರೆ ಅರ್ಧ ಗಾಳಿ ಪಕ್ಕದಿಂದಲೇ ಬುಸ್ ಅಂತ ಹೋಗುತ್ತಿತ್ತು. ಸೈಕಲ್ ಪಂಪಿನಿಂದಲೂ ಆಗಲಿಲ್ಲ. ಸೈಕಲ್ ಟ್ಯೂಬಿಗೆ ಗಾಳಿ ಸ್ವಲ್ಪ, ಒತ್ತಡ ಜಾಸ್ತಿ. ದೋಣಿಗೆ ಅದರ ಉಲ್ಟಾ.

ಆಗ ನಮ್ಮ ತೋಟ ನೆನಪಾಯಿತು. ಡ್ರಿಪ್ ಹಾಕುವಾಗ ಪಿವಿಸಿ ಪೈಪಿಗೆ ತೂತು ಹಾಕಿ, ಗ್ರಾಮೆಟ್ ಅನ್ನುವ ರಬ್ಬರ್ ಬಳೆ ಕೂರಿಸಿ, ಅದರೊಳಗೆ ಸಣ್ಣ ಪೈಪು ಸೇರಿಸುವ ಮೂತಿ, ಅದೇ ಟೇಕಾಫ್, ಒತ್ತುತ್ತಿದ್ದಿರಲ್ಲ, ಒಂದು ಹನಿ ಸೋರುತ್ತಿರಲಿಲ್ಲ. ನೀರು ತಡೆಯುವ ರಬ್ಬರು ಗಾಳಿಯನ್ನೂ ತಡೆಯಬೇಕು ಅಲ್ವಾ?

ವಾಲ್ವಿನದೇ ಇನ್ನೊಂದು ಮುಚ್ಚಳ ತಂದೆ. ತೂತಿಗೆ ನಡುವೆ ಒಂದೇ ಸಲ ದಪ್ಪ ಡ್ರಿಲ್ ಬಿಟ್ ಹಾಕಿದೆ, ಸೀಳಿತು. ಎರಡನೆಯದಕ್ಕೆ ನಿಮ್ಮ ಹಾಗೆ ಸಣ್ಣ ಬಿಟ್ಟಿನಿಂದ ಶುರುಮಾಡಿ ನಿಧಾನಕ್ಕೆ ಅಗಲ ಮಾಡಿದೆ. ಅಂಚಿನ ಪುಡಿಯನ್ನು ಚಾಕುವಿನಲ್ಲಿ ಕೆರೆದೆ. ಗ್ರಾಮೆಟ್ಟಿಗೆ ಎಣ್ಣೆ ಬೇಡ, ಸೋಪಿನ ನೀರು ಸಾಕು ಅನ್ನುತ್ತಿದ್ದಿರಿ. ಹಾಗೇ ಮಾಡಿದೆ. ಟೇಕಾಫ್ ಟಕ್ ಅಂತ ಕೂತಿತು. ಅದಕ್ಕೆ ಪಂಪಿನ ಪೈಪು, ಮೇಲೊಂದು ಕ್ಲಾಂಪು. ಈಗ ಮುಚ್ಚಳ ತಿರುಗಿಸಿ ಬಿಗಿ ಮಾಡಿದರೆ ಎರಡೂ ಕೈ ಖಾಲಿ, ಕಾಲು ತುಳಿಯುತ್ತಾ ಇರಬಹುದು. ವಾಲ್ವಿನೊಳಗಿನ ರಬ್ಬರ್ ನಾಲಿಗೆ ಗಾಳಿಯನ್ನು ವಾಪಸ್ ಬಿಡುವುದಿಲ್ಲ. ಸುತ್ತ ಸೋಪಿನ ನೊರೆ ಹಚ್ಚಿ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಎಷ್ಟು ಖುಷಿಯಾಯಿತು ಗೊತ್ತಾ!

ಈ ದೋಣಿಯೊಳಗಿನ ಗಾಳಿಯ ಒತ್ತಡ 1 ಪಿಎಸ್‌ಐ ಮೀರಬಾರದು. ಅಷ್ಟು ಕಮ್ಮಿ ತೋರಿಸುವ ಮೀಟರ್ ನನ್ನ ಹತ್ತಿರ ಇಲ್ಲ. ಅದಕ್ಕೆ ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಪೈಪಿನಂಥದ್ದನ್ನೇ ಯು ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ಹಾಕಿ, ಒಂದು ತುದಿಯನ್ನು ಟೀ ಜಾಯಿಂಟಿನಿಂದ ಪಂಪಿನ ಪೈಪಿಗೆ ಸೇರಿಸಿದೆ. ಎರಡು ಕಡೆಯ ನೀರಿಗೂ 70 ಸೆಂಟಿಮೀಟರ್ ವ್ಯತ್ಯಾಸ ಬಂದರೆ 1 ಪಿಎಸ್‌ಐ. 60ಕ್ಕೆ ನಿಲ್ಲಿಸುತ್ತೇನೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ. ತಣ್ಣೀರಿಗೆ ಇಳಿಸಿದಾಗ ಮೆತ್ತಗಾದರೆ ಇನ್ನೊಂದೆರಡು ಸಲ ತುಳಿದರಾಯಿತು.

ಅಮ್ಮ, ನೀನು ಹೆದರಬೇಡ. ಲೈಫ್ ಜಾಕೆಟ್ ಹಾಕದೆ ದೋಣಿ ಹತ್ತುವುದಿಲ್ಲ, ದಡ ಬಿಟ್ಟು ದೂರ ಹೋಗುವುದೂ ಇಲ್ಲ.

ಅಪ್ಪ, ನನ್ನ ಜೊತೆ ಕೆಲಸ ಮಾಡುವವರೊಬ್ಬರು ಮುಂದಿನ ತಿಂಗಳು ಬೆಂಗಳೂರಿನಿಂದ ಬರುತ್ತಾರೆ. ಅವರ ಕೈಲಿ ಹತ್ತು ಗ್ರಾಮೆಟ್, ನಾಲ್ಕು ಟೇಕಾಫ್ ಕಳಿಸಿ. 16 ಎಂಎಂದು. ಪಂಪ್‌ಹೌಸಿನ ಗೂಟಕ್ಕೆ ನೇತುಹಾಕಿರುವ ಚೀಲದಲ್ಲಿ ಇರಬೇಕು ನೋಡಿ.

ಇಂತಿ,
ನಿಮ್ಮ ಮಗ